ಇನ್ನೂರರಲ್ಲಿ ಒಂದು: ರಾಮದೇವರ ಬೆಟ್ಟದ ರಣಹದ್ದುಗಳ ಕಥೆ

ರಾಮನಗರದ ಹಾಗೆ ಮತ್ತೆ ಮತ್ತೆ ಹೆಸರು ಬದಲಿಸಿಕೊಂಡ ಊರುಗಳು ನಮ್ಮ ನಾಡಿನಲ್ಲಿ ವಿರಳ. ಸರ್ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ಹೆಸರಿನಿಂದ ಅದು ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿತ್ತು. ಬಳಿಕ ರಾಮನಗರವಾಯಿತು. ೨೦೦೭ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಜೊತೆಗೆ ಸೇರಿಸಿಕೊಂಡು ಜಿಲ್ಲೆಯೆನಿಸಿತು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ನಾಮಕರಣವಾಯಿತು. ಹಳೆಯ ದೊರೆಯ ಹೆಸರು ಊರಿನಿಂದ ಅಳಿಸಿಹೋದರೂ ಭೂವಿಜ್ಞಾನಿಗಳ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿದೆ. ಈ ಸೀಮೆಯ ಬೆಟ್ಟಗಳ ಕಲ್ಲನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷವೆಂದು ಎಣಿಸುತ್ತಾರೆ.

ಇಷ್ಟು ಹಳೆಯ ಕಲ್ಲಿನ ಮೇಲೆ ಎಷ್ಟೋ ಕಾಲದಿಂದ ಒಂದು ಹಕ್ಕಿ ಮನೆ ಮಾಡಿಕೊಂಡಿತ್ತು. ಉದ್ದ ಕೊಕ್ಕಿನ ರಣಹದ್ದು ಮರದಲ್ಲಿ ಗೂಡು ಕಟ್ಟುವುದಕ್ಕಿಂತ ಕಡಿದಾದ ಬಂಡೆಯ ಚಾಚುಗಳನ್ನೇ ಬಯಸುವ ಹಕ್ಕಿ. ಪಟ್ಟಾಭಿರಾಮನ ಗುಡಿಯಿರುವ ರಾಮದೇವರ ಬೆಟ್ಟದ ಗೋಡೆಯಂತಹ ಬಂಡೆಗಳು ಅದಕ್ಕೆ ಒಪ್ಪಿದ ಜಾಗ. ಮಾಗಡಿಯ ಸಾವನದುರ್ಗದಲ್ಲಿಯೂ ರಣಹದ್ದುಗಳಿದ್ದವು. ರಾಮನ ಹೆಸರಿನ ಬೆಟ್ಟದಲ್ಲಿ ಜಟಾಯುವಿನ ಕುಲದ ಹಕ್ಕಿ ಇರುವುದು ಭಕ್ತರಿಗೆ ಸಹಜವಾಗಿಯೇ ತೋರಿತು. ೧೯೭೫ರಲ್ಲಿ ತೆರೆ ಕಂಡ ‘ಷೋಲೆ’ ಚಿತ್ರ ಇದೇ ಬಂಡೆಗಳ ನಡುವೆ ತಯಾರಾದ ಮೇಲೆ ದೇಶವೆಲ್ಲ ಈ ಬೆಟ್ಟಗಳನ್ನು ಕಂಡಿತು. ಆದರೆ ಮೇಲೆ ಆಕಾಶದಲ್ಲಿ ರೆಕ್ಕೆ ಅಲುಗಿಸದೆ ಸುತ್ತುತ್ತಿದ್ದ ಹಕ್ಕಿಯನ್ನು ಯಾರೂ ಎಣಿಸಲಿಲ್ಲ. ಕಾಗೆಯನ್ನು ಎಣಿಸುವವರುಂಟೆ? ಆಗ ರಣಹದ್ದೂ ಹಾಗೆಯೇ ಸಾಮಾನ್ಯವಾಗಿತ್ತು. ಭಾರತದಲ್ಲಿ ಅವು ಕೋಟಿಗಟ್ಟಲೆ ಇದ್ದವೆಂದು ಅಂದಾಜು. ಬಿಳಿ ಬೆನ್ನಿನ ರಣಹದ್ದನ್ನಂತೂ ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದುದೆಂದು ೧೯೮೦ರ ದಶಕದಲ್ಲಿ ಪಕ್ಷಿಶಾಸ್ತ್ರಜ್ಞರು ಬಗೆದಿದ್ದರು.

ಎಣಿಸಿದವರು ಇದ್ದುದು ದೂರದ ರಾಜಸ್ಥಾನದಲ್ಲಿ. ಭರತಪುರದ ಕೇವಲಾದೇವ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ೧೯೮೭-೮೮ರಲ್ಲಿ ಬಿಳಿ ಬೆನ್ನಿನ ರಣಹದ್ದಿನ ೩೫೩ ಗೂಡುಗಳನ್ನು ಲೆಕ್ಕ ಹಾಕಿದ್ದರು. ೧೯೯೬ರ ಹೊತ್ತಿಗೆ ಅವು ೧೫೦ಕ್ಕೆ ಇಳಿದಿದ್ದವು. ಕೆಲವೇ ವರ್ಷಗಳಲ್ಲಿ ಒಂದೂ ಉಳಿಯಲಿಲ್ಲ. ಮರದ ಕೊಂಬೆಯ ಮೇಲೆ ಕುಳಿತ ಹಕ್ಕಿ ಕತ್ತು ಇಳಿಬಿಟ್ಟು ದಿನಗಟ್ಟಲೆ ತೂಕಡಿಸುವುದು, ಒಂದು ದಿನ ಕೆಳಗೆ ಬೀಳುವುದು: ಇಷ್ಟೇ ಕಾಣುತ್ತಿದ್ದ ಲಕ್ಷಣ. ದೇಶದ ಬೇರೆ ಕಡೆಗಳಲ್ಲಿ ರಸ್ತೆಗಳ ಉದ್ದಕ್ಕೂ ವಾಹನದಲ್ಲಿ ಹೋಗುತ್ತ ೧೯೯೦ರ ದಶಕದ ಆದಿಯಲ್ಲಿ ಎಣಿಸಿದ್ದನ್ನೇ ೨೦೦೦ದಿಂದೀಚೆಗೆ ಮತ್ತೆ ಮತ್ತೆ ಎಣಿಸಿ ನೋಡಿದರು. ೨೦೦೭ರ ಎಣಿಕೆ ಮುಗಿದಾಗ ದೊರೆತ ಫಲ ನಂಬಲಾಗದಂತಿತ್ತು. ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿದಿತ್ತು. ಉದ್ದ ಕೊಕ್ಕಿನದು ಮತ್ತು ಅದರ ಹತ್ತಿರದ ಬಂಧುವಾದ ತೆಳು ಕೊಕ್ಕಿನದು ಸೇರಿ ನೂರಕ್ಕೆ ಸುಮಾರು ೯೭ರಷ್ಟು ಅಳಿದಿದ್ದವು. ೨೦೦೦ದಿಂದ ೨೦೦೭ರವರೆಗೆ ಬಿಳಿ ಬೆನ್ನಿನ ಹಕ್ಕಿಯ ಸಂಖ್ಯೆ ವರ್ಷ ವರ್ಷವೂ ಸರಾಸರಿ ಶೇಕಡ ೪೩.೯ರಷ್ಟು ಕುಸಿದಿತ್ತು.

ವರ್ಷಕ್ಕೆ ಶೇಕಡ ೪೪ ಎಂದರೆ ಏನರ್ಥವೆಂಬುದನ್ನು ವಾಚಕರು ಒಂದು ಕಾಗದದ ಮೇಲೆ ಹಾಕಿ ನೋಡಬಹುದು. ಸಾವಿರ ಹಕ್ಕಿಗಳಿಂದ ಆರಂಭಿಸಿದರೆ ಮೊದಲ ವರ್ಷದ ಕೊನೆಗೆ ೫೬೦, ಎರಡನೆಯ ವರ್ಷಕ್ಕೆ ೩೧೪, ಐದನೆಯ ವರ್ಷಕ್ಕೆ ೫೫. ಹತ್ತನೆಯ ವರ್ಷ ಉಳಿಯುವುದು ಮೂರು. ಯಾವ ಬೇಟೆಗಾರನೂ ಬಂದೂಕು ಹಿಡಿಯಲಿಲ್ಲ, ಯಾವ ಕಾಡೂ ಒಮ್ಮೆಗೇ ಉರಿದುಹೋಗಲಿಲ್ಲ. ಹಾಗಿದ್ದರೆ ಕೊಂದವರು ಯಾರು?

ಮೊದಲು ಅನುಮಾನ ಹೋದದ್ದು ಯಾವುದೋ ಅಂಟುರೋಗದ ಮೇಲೆ. ಹೊಲಗಳಿಗೆ ಸಿಂಪಡಿಸುವ ಕೀಟನಾಶಕಗಳ ಮೇಲೂ ಸಂದೇಹವಿತ್ತು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಮೂತ್ರಪಿಂಡ, ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಕಾಣುತ್ತಿತ್ತು. ಅದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿಯೇ ಉಳಿದು ಒಳಾಂಗಗಳ ಮೇಲೆ ಹರಳುಗಟ್ಟುವ ಪದಾರ್ಥ. ಮೂತ್ರಪಿಂಡವನ್ನು ಕೆಡಿಸಿದ್ದು ಏನೆಂಬುದು ಮಾತ್ರ ತಿಳಿಯದೆ ವರ್ಷಗಳು ಕಳೆದವು.

ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿಯೂ ಅವನ ಸಂಗಡಿಗರೂ ಅಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸುತ್ತ, ರೋಗಾಣು, ಲೋಹ, ಕೀಟನಾಶಕ ಎಂದು ಒಂದೊಂದನ್ನೇ ತಳ್ಳಿಹಾಕಿದರು. ಕೊನೆಗೆ ಅವರು ಕೇಳಿದ ಪ್ರಶ್ನೆ ಬಹಳ ಸರಳ: ಈ ಹಕ್ಕಿ ತಿನ್ನುವುದು ದನದ ಹೆಣವನ್ನು, ಹಾಗಾದರೆ ದನಕ್ಕೆ ಜನ ಕೊಡುತ್ತಿರುವುದೇನು? ಔಷಧಿ ಮಾರುವವರನ್ನೂ ಪಶುವೈದ್ಯರನ್ನೂ ವಿಚಾರಿಸಿದಾಗ ಡೈಕ್ಲೋಫೆನ್ಯಾಕ್ ಎಂಬ ನೋವು ನಿವಾರಕದ ಹೆಸರು ಬಂತು. ನಮ್ಮ ಮನೆಗಳಲ್ಲಿ ಮಂಡಿನೋವಿಗೆ ನುಂಗುವ ಅದೇ ಮಾತ್ರೆಯ ಔಷಧಿ. ೧೯೯೦ರ ದಶಕದಲ್ಲಿ ದನಗಳಿಗೂ ಅಗ್ಗದ ಚುಚ್ಚುಮದ್ದಾಗಿ ಹಳ್ಳಿ ಹಳ್ಳಿಗೆ ಬಂದಿತ್ತು. ಯೂರಿಕ್ ಆಮ್ಲ ಹರಳುಗಟ್ಟಿದ್ದ ೨೫ ಹದ್ದುಗಳನ್ನು ಪರೀಕ್ಷಿಸಿದರೆ ಇಪ್ಪತ್ತೈದರಲ್ಲಿಯೂ ಆ ಔಷಧಿ ಇತ್ತು. ಬೇರೆ ಕಾರಣದಿಂದ ಸತ್ತ ೧೩ ಹದ್ದುಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ೨೦೦೪ರ ಆರಂಭದಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೂ ತರ್ಕಪ್ರಿಯರ ಮನಸ್ಸಿನಲ್ಲಿ ಒಂದು ಸಂದೇಹ ಉಳಿಯಿತು. ಔಷಧಿ ಚುಚ್ಚಿಸಿಕೊಂಡ ಹಸುಗಳೆಲ್ಲ ಸಾಯುವುದಿಲ್ಲ. ಹೆಚ್ಚಿನವು ಗುಣವಾಗಿ ಎದ್ದು ಮೇಯಲು ಹೋಗುತ್ತವೆ. ಮದ್ದು ಕೆಲವು ದಿನಗಳಲ್ಲಿಯೇ ದನದ ಮೈಯಿಂದ ಕರಗಿಹೋಗುತ್ತದೆ. ಚುಚ್ಚಿಸಿಕೊಂಡು ಒಂದೆರಡು ದಿನಗಳಲ್ಲಿ ಸತ್ತ ದನದ ಹೆಣ ಮಾತ್ರ ಹದ್ದಿಗೆ ವಿಷ. ಅಂತಹ ಹೆಣಗಳು ಎಷ್ಟಿದ್ದಾವು? ಅಷ್ಟರಿಂದಲೇ ಒಂದು ಉಪಖಂಡದ ಹದ್ದುಗಳೆಲ್ಲ ಸತ್ತವೆಂದರೆ ನಂಬುವುದು ಹೇಗೆ? ಪ್ರಯೋಗಶಾಲೆಯಲ್ಲಿ ಉತ್ತರಿಸಲಾಗದ ಈ ಪ್ರಶ್ನೆಗೆ ಗಣಿತವೇ ಉತ್ತರ ಕೊಡಬೇಕಾಯಿತು. ೨೦೦೪ರಲ್ಲಿಯೇ ಇಂಗ್ಲೆಂಡಿನ ರೀಸ್ ಗ್ರೀನ್ ಮತ್ತು ಸಂಗಡಿಗರು, ವಿಭು ಪ್ರಕಾಶರೂ ಸೇರಿ, ಹದ್ದಿನ ಬದುಕನ್ನು ಸಮೀಕರಣಗಳಲ್ಲಿ ಬರೆದು ಪ್ರಕಟಿಸಿದರು.

ಆ ಸಮೀಕರಣಗಳ ತಿರುಳನ್ನು ತಿಳಿಯಲು ಹೈಸ್ಕೂಲಿನ ಗಣಿತವೇ ಸಾಕು. ರಣಹದ್ದು ದಿನವೂ ಉಣ್ಣುವ ಹಕ್ಕಿಯಲ್ಲ. ಸಿಕ್ಕಿದಾಗ ಹೊಟ್ಟೆ ಬಿರಿಯುವಷ್ಟು ತಿಂದು ಎರಡು, ಮೂರು, ನಾಲ್ಕು ದಿನ ಸುಮ್ಮನಿರುತ್ತದೆ. ಮೂರು ದಿನಕ್ಕೊಂದು ಊಟವೆಂದರೆ ವರ್ಷಕ್ಕೆ ಸುಮಾರು ೧೨೦ ಊಟ. ಈಗ ಹೆಣಗಳಲ್ಲಿ ಇನ್ನೂರಕ್ಕೆ ಒಂದರಲ್ಲಿ ಮಾತ್ರ ಕೊಲ್ಲುವಷ್ಟು ಮದ್ದಿದೆ ಎಂದಿಟ್ಟುಕೊಳ್ಳೋಣ. ಒಂದು ಊಟದಲ್ಲಿ ಹದ್ದು ಬದುಕುವ ಸಂಭವ ೨೦೦ರಲ್ಲಿ ೧೯೯. ಯಾರೂ ಹೆದರಬೇಕಾದ ಪ್ರಮಾಣವಲ್ಲ. ಆದರೆ ಅದೇ ಜೂಜನ್ನು ವರ್ಷದಲ್ಲಿ ೧೨೦ ಸಲ ಆಡಬೇಕು, ಪ್ರತಿ ಸಲವೂ ಗೆಲ್ಲಬೇಕು. ೧೯೯ನ್ನು ೨೦೦ರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ೧೨೦ ಮೆಟ್ಟಿಲು ಗುಣಿಸುತ್ತ ಹೋದರೆ ದೊರೆಯುವುದು ಸುಮಾರು ೦.೫೫. ಎಂದರೆ ನೂರು ಹದ್ದುಗಳಲ್ಲಿ ೪೫ ಆ ವರ್ಷವೇ ಸಾಯುತ್ತವೆ! ರಸ್ತೆಗಳ ಉದ್ದಕ್ಕೂ ಎಣಿಸಿ ಕಂಡ ಶೇಕಡ ೪೩.೯ರ ಕುಸಿತದ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿದರೆ ಸಂದೇಹ ತಾನಾಗಿ ಕರಗುತ್ತದೆ. ಗ್ರೀನ್ ಅವರ ಲೆಕ್ಕ ಇದಕ್ಕಿಂತ ಬಹಳ ಸೂಕ್ಷ್ಮವಾದುದು. ಹಕ್ಕಿಯ ವಯಸ್ಸು, ಸಹಜ ಸಾವು, ಮರಿ ಮಾಡುವ ಪ್ರಮಾಣ ಎಲ್ಲವನ್ನೂ ಅದು ಗಣನೆಗೆ ತೆಗೆದುಕೊಂಡಿತ್ತು. ಅವರ ತೀರ್ಮಾನ: ೧೩೫ ಹೆಣಗಳಲ್ಲಿ ಒಂದರಿಂದ ೭೫೭ ಹೆಣಗಳಲ್ಲಿ ಒಂದರವರೆಗೆ ವಿಷವಿದ್ದರೆ ಸಾಕು, ಕಂಡಿರುವ ವಿನಾಶವೆಲ್ಲ ಅದರಿಂದಲೇ ಆಗಬಲ್ಲದು.

ಈ ಬಗೆಯ ಲೆಕ್ಕಕ್ಕೆ ಒಂದು ವಂಶಾವಳಿಯುಂಟು. ೧೯೪೫ರಲ್ಲಿ ಆಕ್ಸ್‌ಫರ್ಡಿನ ಪಿ. ಎಚ್. ಲೆಸ್ಲಿ ಎಂಬಾತ ಪ್ರಾಣಿಗಳನ್ನು ವಯಸ್ಸಿನ ಮನೆಗಳಾಗಿ ವಿಂಗಡಿಸಿ, ಒಂದು ಮನೆಯಿಂದ ಮುಂದಿನ ಮನೆಗೆ ಎಷ್ಟು ಜೀವ ಉಳಿದು ಹೋಗುತ್ತವೆ, ಯಾವ ಮನೆಯಿಂದ ಎಷ್ಟು ಮರಿ ಹುಟ್ಟುತ್ತವೆ ಎಂಬುದನ್ನು ಚೌಕಾಕಾರದ ಕೋಷ್ಟಕದಲ್ಲಿ ಬರೆಯುವ ಕ್ರಮವನ್ನು ರೂಪಿಸಿದ. ೧೯೮೭ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಎಂಬ ಅಮೆರಿಕದ ಮೂವರು ಆ ಕ್ರಮವನ್ನೇ ಸ್ವಲ್ಪ ಮಾರ್ಪಡಿಸಿ ಕಡಲಾಮೆಗೆ ಅನ್ವಯಿಸಿದರು. ಅದುವರೆಗೆ ಕಡಲಾಮೆಯ ರಕ್ಷಣೆಯೆಂದರೆ ಮರಳಿನ ಮೇಲಿನ ಮೊಟ್ಟೆಗಳನ್ನು ಕಾಯುವುದೇ ಎಂದು ಎಲ್ಲರೂ ತಿಳಿದಿದ್ದರು. ಲೆಕ್ಕ ಬೇರೆಯೇ ಮಾತಾಡಿತು. ಮೊಟ್ಟೆಗಳು ಒಂದೂ ಹಾಳಾಗದಂತೆ ಕಾಪಾಡಿದರೂ ಸಂತತಿ ಇಳಿಯುತ್ತಲೇ ಹೋಗುತ್ತದೆ; ದೊಡ್ಡವಾಗಿ ಬೆಳೆದ ಆಮೆಗಳು ಸೀಗಡಿ ಬಲೆಗಳಲ್ಲಿ ಸಿಕ್ಕಿ ಸಾಯುವುದನ್ನು ತಡೆದರೆ ಮಾತ್ರ ಅದು ಏರುತ್ತದೆ ಎಂದು ತೋರಿಸಿತು. ಬಲೆಯಿಂದ ಆಮೆ ಹೊರಗೆ ನುಸುಳಿ ಹೋಗುವಂತೆ ಜೋಡಿಸುವ ಸರಳು ಚೌಕಟ್ಟಿಗೆ ಈ ಲೆಕ್ಕ ದೊಡ್ಡ ಬೆಂಬಲವಾಯಿತು. ಈಚೆಗೆ ಸಮುದ್ರದ ಮಾಲಿನ್ಯವೂ ಇದೇ ಗಣಿತದ ಒಳಗೆ ಬಂದಿದೆ. ಕಡಲಾಮೆಯ ಕರುಳಿನಲ್ಲಿ ಪ್ಲಾಸ್ಟಿಕ್ಕಿನ ೧೪ ಚೂರುಗಳು ಸೇರಿದರೆ ಅದು ಸಾಯುವ ಸಂಭವ ಅರ್ಧಕ್ಕರ್ಧ ಎಂದು ೨೦೧೮ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಣಿಸಿದರು. ನಮ್ಮ ಹೊನ್ನಾವರ, ಕುಂದಾಪುರಗಳ ಕಡಲ ದಂಡೆಗೆ ಮೊಟ್ಟೆಯಿಡಲು ಬರುವ ಆಮೆಗಳಿಗೂ ಇದು ಸಂಬಂಧವಿಲ್ಲದ ಮಾತಲ್ಲ.

ಕಡಲಾಮೆಗೂ ರಣಹದ್ದಿಗೂ ಏನು ನಂಟು ಎಂದು ಕೇಳಬಹುದು. ಒಂದು ನೂರಾರು ಮೊಟ್ಟೆಯಿಡುವ ನೀರಿನ ಜೀವ. ಇನ್ನೊಂದು ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಆಕಾಶದ ಜೀವ. ಆದರೆ ಎರಡೂ ತಡವಾಗಿ ಪ್ರಾಯಕ್ಕೆ ಬರುತ್ತವೆ, ಬಹುಕಾಲ ಬಾಳುತ್ತವೆ. ಅವುಗಳ ಸಂತತಿ ನಿಂತಿರುವುದು ಹುಟ್ಟಿನ ಮೇಲಲ್ಲ, ಬೆಳೆದವುಗಳ ದೀರ್ಘಾಯುಷ್ಯದ ಮೇಲೆ. ಉದಾಹರಣೆಗೆ ನೂರು ಬೆಳೆದ ಹದ್ದುಗಳನ್ನು, ಎಂದರೆ ಐವತ್ತು ಜೋಡಿಗಳನ್ನು ಭಾವಿಸಿಕೊಳ್ಳೋಣ. ಅರ್ಧದಷ್ಟು ಗೂಡುಗಳಲ್ಲಿ ಮರಿ ಹಾರುವವರೆಗೆ ಬೆಳೆದರೆ ೨೫ ಮರಿ. ಅವು ಗೂಡು ಕಟ್ಟುವ ವಯಸ್ಸಿಗೆ ಬರಲು ಐದು ವರ್ಷ ಬೇಕು. ಅಷ್ಟರಲ್ಲಿ ಕಾಲುಭಾಗ ಉಳಿದರೆ ಆರು. ಅತ್ತ ವರ್ಷಕ್ಕೆ ಐದು ಹಿರಿಯ ಹಕ್ಕಿಗಳು ಸಹಜವಾಗಿ ಸಾಯುತ್ತವೆ ಎನ್ನೋಣ. ಆದಾಯ ಆರು, ವೆಚ್ಚ ಐದು. ಇಂತಹ ಬಡ ಸಂಸಾರದಲ್ಲಿ ಉಳಿತಾಯ ಒಂದೇ ಒಂದು. ಸಾವಿರಕ್ಕೊಂದು ಹೆಣ ವಿಷವಾದರೂ ಇನ್ನೂ ಹನ್ನೊಂದು ಹಕ್ಕಿ ಹೆಚ್ಚಾಗಿ ಸಾಯುತ್ತವೆ, ಸಂಸಾರ ದಿವಾಳಿಯಾಗುತ್ತದೆ.

ಲೆಕ್ಕ ಸರಿಯೆಂದು ಹೇಗೆ ತಿಳಿಯುವುದು? ನೆಲದ ಮೇಲೆ ಹೋಗಿ ನೋಡಬೇಕು. ೨೦೦೪-೦೫ರಲ್ಲಿ ೧೨ ರಾಜ್ಯಗಳಿಂದ ೧೮೪೮ ಹೆಣಗಳ ಯಕೃತ್ತಿನ ಚೂರುಗಳನ್ನು ತಂದು ಪರೀಕ್ಷಿಸಿದರು. ನೂರಕ್ಕೆ ಸುಮಾರು ಹತ್ತರಲ್ಲಿ ಡೈಕ್ಲೋಫೆನ್ಯಾಕ್ ಸಿಕ್ಕಿತು. ಹತ್ತರಲ್ಲಿಯೂ ಕೊಲ್ಲುವಷ್ಟು ಮದ್ದಿತ್ತೆಂದಲ್ಲ. ಆದರೆ ಹದ್ದುಗಳ ವಿನಾಶಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಇತ್ತು. ಗಣಿತ ಮೊದಲು ಹೇಳಿದ್ದನ್ನು ನೆಲ ಆಮೇಲೆ ಒಪ್ಪಿತು.

ಸರ್ಕಾರವೂ ಒಪ್ಪಿತು. ೨೦೦೬ರ ಮೇ ತಿಂಗಳಲ್ಲಿ ದನಗಳಿಗೆ ಡೈಕ್ಲೋಫೆನ್ಯಾಕ್ ಕೊಡುವುದನ್ನು ಭಾರತ ಸರ್ಕಾರ ನಿಷೇಧಿಸಿತು. ಅದೇ ವರ್ಷ ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧಿ ಹದ್ದುಗಳಿಗೆ ಹಾನಿ ಮಾಡದೆಂದು ಪ್ರಯೋಗಗಳಿಂದ ತಿಳಿದಿತ್ತು. ಆದರೆ ಮನುಷ್ಯರಿಗಾಗಿ ಮಾರುತ್ತಿದ್ದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ನುಸುಳತೊಡಗಿದವು. ೨೦೧೫ರಲ್ಲಿ ಮನುಷ್ಯರ ಚುಚ್ಚುಮದ್ದನ್ನು ಮೂರು ಮಿಲಿಲೀಟರಿನ ಒಂದೇ ಸಲದ ಸೀಸೆಗೆ ಇಳಿಸಲಾಯಿತು. ಅಷ್ಟರಲ್ಲಿ ಇತರ ನೋವು ನಿವಾರಕಗಳೂ ಹದ್ದನ್ನು ಕೊಲ್ಲುತ್ತವೆಂದು ತಿಳಿದುಬಂತು. ದನಗಳಿಗೆ ಕೀಟೋಪ್ರೊಫೇನ್ ಮತ್ತು ಅಸೆಕ್ಲೋಫೆನ್ಯಾಕ್ ಕೊಡುವುದು ೨೦೨೩ರಲ್ಲಿ, ನಿಮೆಸುಲೈಡ್ ಕೊಡುವುದು ೨೦೨೪ರ ಕೊನೆಯಲ್ಲಿ ನಿಷಿದ್ಧವಾದವು. ಮೊದಲ ನಿಷೇಧದಿಂದ ಕಡೆಯ ನಿಷೇಧದವರೆಗೆ ಹದಿನೆಂಟು ವರ್ಷ ಕಳೆದವು. ಇನ್ನೂರಕ್ಕೊಂದರ ಲೆಕ್ಕವನ್ನು ಬಲ್ಲವರಿಗೆ ಈ ಹದಿನೆಂಟು ವರ್ಷ ಎಷ್ಟು ದೀರ್ಘವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ, ೨೦೧೨ರ ಜನವರಿ ೩೧ರಂದು, ಕರ್ನಾಟಕ ಸರ್ಕಾರ ರಾಮದೇವರ ಬೆಟ್ಟದ ಸುತ್ತಿನ ೩೪೬.೪೧ ಹೆಕ್ಟೇರ್ ನೆಲವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿತು. ರಣಹದ್ದಿಗೆಂದೇ ಮೀಸಲಾದ ಅಭಯಾರಣ್ಯ ದೇಶದಲ್ಲಿ ಇದೇ ಮೊದಲನೆಯದು. ಜಟಾಯುವಿನ ಕುಲಕ್ಕೆ ಒಂದು ಮನೆಯನ್ನು ಕಾಗದದ ಮೇಲೆ ಬರೆದುಕೊಟ್ಟ ಕೀರ್ತಿ ನಮ್ಮ ನಾಡಿನದಾಯಿತು. ಬಂಡೆಗೆ ಕಲ್ಲುಗಣಿಯ ಸಿಡಿಮದ್ದು ತಾಗದಂತೆ, ಗೂಡಿನ ಬಳಿ ಗದ್ದಲವಾಗದಂತೆ ಕಾಯುವುದು ಅಗತ್ಯವೇ. ಉದ್ದ ಕೊಕ್ಕಿನ ಹದ್ದಿಗೆ ಬಂಡೆಯ ಚಾಚು ಹೋದರೆ ಎಲ್ಲವೂ ಹೋದಂತೆ.

ಆದರೆ ಇಲ್ಲಿಯೂ ಒಂದು ಲೆಕ್ಕವುಂಟು. ೩೪೬ ಹೆಕ್ಟೇರ್ ಎಂದರೆ ಸುಮಾರು ಮೂರೂವರೆ ಚದರ ಕಿಲೋಮೀಟರ್. ಬಿಸಿಗಾಳಿಯ ಮೇಲೇರಿ ಆಹಾರ ಹುಡುಕುವ ರಣಹದ್ದು ಒಂದೇ ದಿನದಲ್ಲಿ ಹತ್ತಾರು ಮೈಲಿ ಸುತ್ತುತ್ತದೆ. ಬೆಟ್ಟದಿಂದ ಬರಿಯ ೫೦ ಕಿಲೋಮೀಟರ್ ತ್ರಿಜ್ಯದ ವೃತ್ತವನ್ನೆಳೆದರೂ ಅದರ ವಿಸ್ತಾರ ೭೮೫೦ ಚದರ ಕಿಲೋಮೀಟರ್. ಅಭಯಾರಣ್ಯದ ಎರಡು ಸಾವಿರ ಪಾಲಿಗಿಂತ ಹೆಚ್ಚು. ಚನ್ನಪಟ್ಟಣ, ಮಾಗಡಿ, ಕನಕಪುರ ಪಟ್ಟಣಗಳು ಅದರೊಳಗೇ ಬರುತ್ತವೆ. ಬೆಂಗಳೂರಿನ ಬಹುಭಾಗವೂ ಬರುತ್ತದೆ. ಹದ್ದುಗಳಿಗೆ ಅಪಾಯವಿಲ್ಲದ ವಲಯವೆಂದರೆ ಗೂಡಿನ ಸುತ್ತ ೧೦೦ ಕಿಲೋಮೀಟರ್ ದೂರದವರೆಗೆ ವಿಷದ ಮದ್ದು ಇರಬಾರದೆಂದು ಈ ವಿಷಯದಲ್ಲಿ ದುಡಿಯುವವರು ಇಟ್ಟುಕೊಂಡಿರುವ ಅಳತೆ. ಹದ್ದು ಮಲಗುವ ಕೋಣೆಗೆ ನಾವು ಬೇಲಿ ಹಾಕಿದ್ದೇವೆ. ಅದು ಉಣ್ಣುವ ಪಡಸಾಲೆ ನಾಲ್ಕು ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಹರಡಿಕೊಂಡಿದೆ.

ಆ ಕೊಟ್ಟಿಗೆಗಳ ಒಡೆಯನನ್ನು ದೂರುವುದು ನ್ಯಾಯವಲ್ಲ. ರೇಷ್ಮೆ ಮತ್ತು ರಾಗಿಯ ಜೊತೆಗೆ ಹಾಲನ್ನೂ ನಂಬಿದ ಸೀಮೆ ಇದು. ಕೆಚ್ಚಲು ಬಾವು ಬಂದ ಹಸು ನೋವಿನಿಂದ ಮೇವು ಬಿಟ್ಟರೆ ಮನೆಯ ವಾರದ ಬಟವಾಡೆಯೇ ನಿಲ್ಲುತ್ತದೆ. ಆಗ ಕೈಗೆ ಸಿಕ್ಕ ಅಗ್ಗದ ಮದ್ದನ್ನು ಚುಚ್ಚಿಸುವವನ ಮನಸ್ಸಿನಲ್ಲಿರುವುದು ಕರುಣೆಯೇ ಹೊರತು ಕೇಡಲ್ಲ. ಇನ್ನೂರಕ್ಕೊಂದರ ಅಪಾಯ ಅವನ ಕಣ್ಣಿಗೆ ಕಾಣುವಂಥದೂ ಅಲ್ಲ. ಅವನ ಜೀವಮಾನದಲ್ಲಿ ಒಂದೇ ಒಂದು ಹಸು ಹಾಗೆ ಸತ್ತಿರಬಹುದು. ಬಿಡಿಬಿಡಿಯಾಗಿ ನೋಡಿದರೆ ಯಾರ ತಪ್ಪೂ ಕಾಣುವುದಿಲ್ಲ. ಒಟ್ಟುಗೂಡಿಸಿದಾಗ ಮಾತ್ರ ಕಾಣುತ್ತದೆ. ಒಟ್ಟುಗೂಡಿಸಿ ನೋಡುವುದೇ ಗಣಿತದ ಕೆಲಸ.

ಹದ್ದು ಹೋದ ಮೇಲೆ ಮನುಷ್ಯನಿಗೇನು ನಷ್ಟ ಎಂಬ ಪ್ರಶ್ನೆಗೂ ಲೆಕ್ಕ ಹಾಕಿದವರಿದ್ದಾರೆ. ಒಂದು ದನದ ಹೆಣವನ್ನು ಹದ್ದುಗಳ ಹಿಂಡು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬರಿಯ ಎಲುಬಾಗಿಸುತ್ತಿತ್ತು. ಅವು ಇಲ್ಲವಾದ ಮೇಲೆ ಹೆಣ ಕೊಳೆಯಿತು, ನೀರಿಗೆ ಸೇರಿತು, ಬೀದಿನಾಯಿಗಳು ಹೆಚ್ಚಿದವು. ಹದ್ದುಗಳು ಹಿಂದೆ ಹೇರಳವಾಗಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಮೊದಲ ಬಗೆಯ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇಕಡ ನಾಲ್ಕಕ್ಕಿಂತ ಹೆಚ್ಚಾಗಿ ಏರಿತೆಂದು ಕಂಡರು. ೨೦೦೦ದಿಂದ ೨೦೦೫ರವರೆಗೆ ಐದು ಲಕ್ಷದಷ್ಟು ಅಧಿಕ ಸಾವುಗಳು ಸಂಭವಿಸಿದವೆಂದು ಅವರ ಅಂದಾಜು. ಅಪಶಕುನವೆಂದು ನಾವು ಮುಖ ತಿರುಗಿಸಿಕೊಳ್ಳುತ್ತಿದ್ದ ಹಕ್ಕಿ ನಮ್ಮ ಊರುಗಳ ಆರೋಗ್ಯವನ್ನು ಸಂಬಳವಿಲ್ಲದೆ ಕಾಯುತ್ತಿತ್ತು.

ರಾಮದೇವರ ಬೆಟ್ಟದಲ್ಲಿ ಈಗ ಉಳಿದಿರುವ ಉದ್ದ ಕೊಕ್ಕಿನ ಹದ್ದುಗಳು ಕೈಬೆರಳಿನ ಎಣಿಕೆಯವು. ಸಂಖ್ಯೆ ಇಷ್ಟು ಸಣ್ಣದಾದಾಗ ಸರಾಸರಿಯ ಗಣಿತಕ್ಕೂ ಬಲ ಸಾಲದು. ಅಲ್ಲಿಂದ ಮುಂದೆ ಆಳುವುದು ಆಕಸ್ಮಿಕ. ಸಾವಿರ ಹಕ್ಕಿಗಳಲ್ಲಿ ಒಂದು ಸತ್ತರೆ ಸಾವಿರಕ್ಕೊಂದು ನಷ್ಟ. ಐದರಲ್ಲಿ ಒಂದು ಸತ್ತರೆ ಒಂದು ಜೋಡಿ ಒಡೆಯುತ್ತದೆ, ಒಂದು ಗೂಡು ಬರಿದಾಗುತ್ತದೆ, ಆ ವರ್ಷ ಬೆಟ್ಟದಲ್ಲಿ ಮರಿಯೇ ಇರುವುದಿಲ್ಲ. ಹದ್ದುಗಳು ಒಂದೇ ಹೆಣದ ಸುತ್ತ ಒಟ್ಟಾಗಿ ಕುಳಿತು ಉಣ್ಣುವುದರಿಂದ ವಿಷದ ಒಂದೇ ಊಟ ಎಲ್ಲವನ್ನೂ ಒಯ್ಯಬಹುದು.

ಆದ್ದರಿಂದ ಈ ಬೆಟ್ಟದ ಭವಿಷ್ಯ ಬೆಟ್ಟದಲ್ಲಿ ನಿರ್ಧಾರವಾಗುವುದಿಲ್ಲ. ಮಾಗಡಿಯ ಒಂದು ಹಳ್ಳಿಯಲ್ಲಿ ದನಕ್ಕೆ ಜ್ವರ ಬಂದ ರಾತ್ರಿ, ಕನಕಪುರದ ಒಂದು ಔಷಧಿ ಅಂಗಡಿಯ ಕಪಾಟಿನಲ್ಲಿ, ಪಶುವೈದ್ಯನ ಚೀಲದಲ್ಲಿ ಮೆಲಾಕ್ಸಿಕ್ಯಾಮ್ ಇದೆಯೋ ಇನ್ನೊಂದಿದೆಯೋ ಎಂಬುದರಲ್ಲಿ ಅದು ನಿರ್ಧಾರವಾಗುತ್ತದೆ. ಬದಲಿ ಮದ್ದು ಇದೆ, ಕಾನೂನು ಇದೆ, ಕಾಯಲು ಬಂಡೆಯೂ ಇದೆ. ಉಳಿದಿರುವುದು ಇನ್ನೂರರಲ್ಲಿ ಆ ಒಂದನ್ನು ಸೊನ್ನೆ ಮಾಡುವ ಕೆಲಸ.